ನಾಳೆ ವೋಟು: ನಿಮಗಿದು ಗೊತ್ತೇ?

ನಾಳೆ ಲೋಕಸಭೆಗೆ ಮತದಾನ. ಬೆಳಿಗ್ಗೆ ಏಳಕ್ಕೇ ಬೂತಿಗೆ ಓಡಿ ಮೊದಲ ವೋಟು ಹಾಕಬೇಕು ಅಂದುಕೊಂಡಿದ್ದೀರಾ? ಅಷ್ಟರಲ್ಲಾಗಲೇ ಆ ಯಂತ್ರಕ್ಕೆ ಕನಿಷ್ಠ 50 ವೋಟು ಬಿದ್ದಿರುತ್ತವೆ! ಗಾಬರಿ ಬೇಡ, ಅದು ಅಣಕು ಮತದಾನ. ಏಜೆಂಟರ ಎದುರೇ ಗುಂಡಿ ಒತ್ತಿ, ಎಣಿಸಿ, ತಾಳೆ ನೋಡಿ, ಎಲ್ಲ ಅಳಿಸಿ, ಸೀಲ್ ಹಾಕುತ್ತಾರೆ. ಅಸಲಿ ಲೆಕ್ಕ ಸೊನ್ನೆಯಿಂದಲೇ ಶುರು.

ವೋಟರ್ ಐಡಿ ಸಿಗುತ್ತಿಲ್ಲವೇ? ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಆಧಾರ್, ಪ್ಯಾನ್ ಹಾಗಿರಲಿ, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಅಂಚೆ ಕಚೇರಿ ಪಾಸ್‌ಬುಕ್ ಕೂಡ ನಡೆಯುತ್ತದೆ! ಮನೆಗೆ ಬಂದ ವೋಟರ್ ಸ್ಲಿಪ್ ಒಂದನ್ನೇ ಹಿಡಿದು ಹೋದರೆ ಮಾತ್ರ ನಡೆಯದು. ಇನ್ನು ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? ಕಾರ್ಡ್ ಎಷ್ಟೇ ಹೊಸದಿರಲಿ, ವಾಪಸ್ ಬರಬೇಕಾದೀತು. ಇವತ್ತೇ ನೋಡಿಕೊಂಡುಬಿಡಿ.

‘ಇವರು ಅವರಲ್ಲ’ ಎಂದು ಏಜೆಂಟ್ ನಿಮ್ಮ ಮೇಲೆ ತಕರಾರು ಎತ್ತಬಹುದು. ಅದಕ್ಕೆ ಅವರು ಕಟ್ಟಬೇಕಾದ ಠೇವಣಿ ಎಷ್ಟು ಗೊತ್ತೇ? ಎರಡೇ ರೂಪಾಯಿ! ಈಗ ಅಷ್ಟಕ್ಕೆ ಅರ್ಧ ಟೀ ಕೂಡ ಬರದು.

ನಿಮ್ಮ ವೋಟನ್ನು ಬೇರೆ ಯಾರೋ ಹಾಕಿ ಹೋಗಿದ್ದಾರೆಯೇ? ಸುಮ್ಮನೆ ಮನೆಗೆ ಬರಬೇಡಿ. ಗುರುತು ಸಾಬೀತಾದರೆ ನಿಮಗೆ ಟೆಂಡರ್ ವೋಟಿನ ಹಕ್ಕಿದೆ. ಯಂತ್ರದ ಕಾಲದಲ್ಲೂ ನಿಮ್ಮ ಕೈಗೆ ಹಳೇ ಕಾಲದ ಕಾಗದದ ಮತಪತ್ರ ಬರುತ್ತದೆ! ಆದರೆ ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರುವುದಿಲ್ಲ.

ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಕಿಟಕಿಯತ್ತ ಕಣ್ಣು ಹಾಯಿಸಿ. ನೀವು ಆರಿಸಿದ ಹೆಸರು, ಚಿಹ್ನೆ ಕಾಣುವುದು ಬರೀ ಏಳು ಸೆಕೆಂಡು. ಆಮೇಲೆ ಚೀಟಿ ತಾನೇ ತುಂಡಾಗಿ ಒಳಗಿನ ಪೆಟ್ಟಿಗೆಗೆ!

ಈಗ ಶಾಯಿಯ ವಿಷಯ. ಇದು ನಮ್ಮ ಮೈಸೂರಿನದು! ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಈಗಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅಲ್ಲಿಯದೇ ಶಾಯಿ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಬೆಳಕು ತಾಗಿದಷ್ಟೂ ಕಪ್ಪಾಗುತ್ತದೆ. ಸೋಪು, ಎಣ್ಣೆ ಯಾವುದಕ್ಕೂ ಜಗ್ಗದು. ಉಗುರು ಬೆಳೆದು ಹೋಗುವವರೆಗೂ ಗುರುತು ಅಲ್ಲೇ!

ಹಚ್ಚುವುದು ಎಡಗೈ ತೋರುಬೆರಳಿಗೆ. ಆ ಬೆರಳೇ ಇಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಗೆ. ಎರಡೂ ಕೈಯಲ್ಲಿ ಬೆರಳಿಲ್ಲದಿದ್ದರೆ? ತೋಳಿನ ತುದಿಗೆ! ನಿಯಮ ಬರೆದವರು ಯಾರನ್ನೂ ಮರೆತಿಲ್ಲ. ಸೇನೆಯಲ್ಲಿರುವವರು ತಮ್ಮ ಪರವಾಗಿ ವೋಟು ಹಾಕಲು ಊರಿನವರೊಬ್ಬರನ್ನು ನೇಮಿಸಬಹುದು. ಹಾಗೆ ಬಂದವರಿಗೆ ಶಾಯಿ ಮಧ್ಯದ ಬೆರಳಿಗೆ. ಎರಡು ಬೆರಳು ಕಪ್ಪಾದವರು ಕಂಡರೆ ಕಳ್ಳವೋಟು ಅಂದುಬಿಡಬೇಡಿ!

ಸಂಜೆ ಹೊತ್ತು ಮೀರಿತೇ? ಸಮಯ ಮುಗಿಯುವಾಗ ಸಾಲಿನಲ್ಲಿ ನಿಂತಿದ್ದರೆ ಸಾಕು, ವೋಟು ಹಾಕಿಯೇ ಬರಬಹುದು. ಅಧಿಕಾರಿ ಬಂದು ನಂಬರ್ ಚೀಟಿ ಹಂಚುತ್ತಾರೆ. ಒಂದನೇ ನಂಬರ್ ಸಿಗುವುದು ಸಾಲಿನ ಕಟ್ಟಕಡೆಯವರಿಗೆ! ಹಿಂದಿನಿಂದ ಹಂಚಿದರೆ ಆಮೇಲೆ ಬಂದವರು ಬಾಲಕ್ಕೆ ಸೇರುವಂತಿಲ್ಲ. ಎಂಥಾ ತಲೆ ನೋಡಿ!

ಯಾರೂ ಬೇಡವೆಂದರೆ ನೋಟಾ. 2024ರಲ್ಲಿ ಇಂದೋರ್‌ನಲ್ಲಿ ನೋಟಾಗೆ ಬಿದ್ದ ವೋಟು 2 ಲಕ್ಷ 18 ಸಾವಿರಕ್ಕೂ ಹೆಚ್ಚು. ಅಲ್ಲಿ ಎರಡನೇ ಸ್ಥಾನ ಅದಕ್ಕೇ! ಆದರೆ ನೋಟಾ ಮೊದಲ ಸ್ಥಾನಕ್ಕೆ ಬಂದರೂ ಗೆಲ್ಲುವುದು ಅದರ ನಂತರದ ಅಭ್ಯರ್ಥಿಯೇ.

1996ರಲ್ಲಿ ಬೆಳಗಾವಿ ಲೋಕಸಭೆಗೆ ನಿಂತವರು 456 ಮಂದಿ! ಠೇವಣಿ ಆಗ ಬರೀ 500 ರೂಪಾಯಿ. ಈಗ 25,000. ಅಷ್ಟು ಜನ ಇಂದು ನಿಂತರೆ ಯಂತ್ರಕ್ಕೂ ಹಿಡಿಸದು. ಎಷ್ಟೇ ಯೂನಿಟ್ ಜೋಡಿಸಿದರೂ ನೋಟಾ ಸೇರಿ 384ಕ್ಕೇ ಮಿತಿ.

2004ರ ವಿಧಾನಸಭೆ ಚುನಾವಣೆ, ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. ಆರ್. ಧ್ರುವನಾರಾಯಣ 40,752. ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ವೋಟು!

ಮತಗಟ್ಟೆ ದೂರ ಅಂತ ಗೊಣಗುತ್ತೀರಾ? ಗುಜರಾತಿನ ಗಿರ್ ಕಾಡಿನೊಳಗೆ, ಸಿಂಹಗಳ ನಡುವೆ, ಬಾಣೇಜ್ ಎಂಬಲ್ಲಿ ಒಂದು ಮತಗಟ್ಟೆಯಿದೆ. ಅಧಿಕಾರಿಗಳ ತಂಡವೇ ಯಂತ್ರ ಹೊತ್ತು ಅಲ್ಲಿಗೆ ಹೋಗುತ್ತದೆ. ಮತದಾರರು ಎಷ್ಟು? ಅಲ್ಲಿನ ದೇವಸ್ಥಾನದ ಮಹಂತರು ಒಬ್ಬರೇ! ಅವರು ಬಂದು ಗುಂಡಿ ಒತ್ತಿದರೆ ಶೇಕಡಾ 100 ಮತದಾನ!