ಹಿಮದ ಮನೆಯಲ್ಲಿ ಬಳಪದ ಕಲ್ಲಿನ ದೀಪ

‘ಹಿಮದ ಮನೆಯೊಳಗೆ ದೀಪ ಹಚ್ಚಿದರೆ ಮನೆಯೇ ಕರಗಿಹೋಗುವುದಿಲ್ಲವೇ?’ ಚಾಮರಾಜಪೇಟೆಯ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ಕರಗುತ್ತದೆ, ಆದರೆ ತುಸುವೇ. ಒಳಗೋಡೆಯ ಮೇಲ್ಪದರ ಕರಗಿ, ಹೊರಗಿನ ಚಳಿಗೆ ಮತ್ತೆ ಹೆಪ್ಪುಗಟ್ಟಿ ಗೋಡೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭಕ್ಕೆ ಹೊರಬಿಡುವುದಿಲ್ಲ. ಇದಕ್ಕಿಂತ ದೊಡ್ಡ ವಿಸ್ಮಯವೆಂದರೆ ಆ ದೀಪವೇ.

ಕೆನಡಾದ ಉತ್ತರ ತುದಿಯ ಇನುಯಿಟ್ ಜನರ ಹಲವು ಪಂಗಡಗಳು ಚಳಿಗಾಲದಲ್ಲಿ ನೆಲ ಬಿಟ್ಟು, ಹೆಪ್ಪುಗಟ್ಟಿದ ಕಡಲಿನ ಮೇಲೆಯೇ ಮನೆ ಕಟ್ಟಿಕೊಳ್ಳುತ್ತಿದ್ದವು. 1921–24ರಲ್ಲಿ ಆ ಸೀಮೆಯಲ್ಲಿ ಸಂಚರಿಸಿದ ಅನ್ವೇಷಕ ಕ್ನುಡ್ ರಾಸ್ಮುಸೆನ್ ಈ ಬದುಕನ್ನು ವಿವರವಾಗಿ ದಾಖಲಿಸಿದ್ದಾರೆ. ಕಡಲಿಗಿಳಿಯಲು ಕಾರಣ ಸೀಲ್ ಬೇಟೆ. ಸೀಲ್ ಉಸಿರಾಡಲು ಮೇಲೆ ಬರಲೇಬೇಕು; ಅದಕ್ಕೆಂದೇ ಉಗುರಿನಿಂದ ಮಂಜುಗಡ್ಡೆ ಕೆರೆದು ಕಿಂಡಿಗಳನ್ನು ಉಳಿಸಿಕೊಂಡಿರುತ್ತದೆ. ಹಿಮ ಮುಚ್ಚಿದ ಕಿಂಡಿಯನ್ನು ನಾಯಿ ಮೂಸಿ ಪತ್ತೆಹಚ್ಚುತ್ತಿತ್ತು. ಬೇಟೆಗಾರ ಒಂದು ತೆಳು ಕಡ್ಡಿಯನ್ನು ಕಿಂಡಿಗಿಳಿಸಿ, ಸದ್ದಾಗದಂತೆ ಕಾಲಡಿಗೆ ತುಪ್ಪಳ ಹಾಸಿ, ಗಂಟೆಗಟ್ಟಲೆ ಅಲುಗದೆ ಕಾಯುತ್ತಿದ್ದ. ಕಡ್ಡಿ ಅಲುಗಿದೊಡನೆ ಈಟಿ ಇಳಿಯುತ್ತಿತ್ತು. ಅದರ ಮೊನೆ ಹಿಡಿಯಿಂದ ಕಳಚಿ, ಚರ್ಮದಡಿ ಅಡ್ಡ ತಿರುಗಿ ಕಚ್ಚಿಕೊಳ್ಳುತ್ತಿತ್ತು. ಮೊನೆಗೆ ಕಟ್ಟಿದ ಮಿಣಿ ಕೈಯಲ್ಲಿರುತ್ತಿತ್ತು.

ಮಾಂಸ ಊಟಕ್ಕಾದರೆ ಕೊಬ್ಬು ದೀಪಕ್ಕೆ. ಮರಗಳೇ ಬೆಳೆಯದ ಆ ನಾಡಿನಲ್ಲಿ ಸೌದೆಯೆಲ್ಲಿಂದ ಬರಬೇಕು? ಅರ್ಧಚಂದ್ರಾಕಾರದ ಆ ಹಣತೆಯ ಹೆಸರು ‘ಕುಲ್ಲಿಕ್’. ಅದರ ನೇರ ಅಂಚಿನುದ್ದಕ್ಕೂ ಪಾಚಿ ಮತ್ತು ಹುಲ್ಲಿನ ಹತ್ತಿಯಂಥ ನಾರು ಹರಡಿ ಬತ್ತಿ ಮಾಡುತ್ತಿದ್ದರು. ಹೊಗೆಯೇಳದಂತೆ ಉರಿಯನ್ನು ಕಡ್ಡಿಯಿಂದ ಸರಿಪಡಿಸುತ್ತ ಇರುವುದು ಹೆಂಗಸರ ಪಳಗಿದ ಕೈಯ ಕೆಲಸ. ಬೆಳಕು, ಅಡುಗೆ, ಕುಡಿಯುವ ನೀರು, ಒದ್ದೆ ಬೂಟು ಒಣಗಿಸುವುದು ಎಲ್ಲಕ್ಕೂ ಅದೊಂದೇ ಆಸರೆ.

ಆ ಹಣತೆಯೂ ಅದರ ಮೇಲೆ ತೂಗುಹಾಕುತ್ತಿದ್ದ ಅಡುಗೆ ಪಾತ್ರೆಯೂ ಬಳಪದ ಕಲ್ಲಿನವು! ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಗೊಜ್ಜು, ಸಾರಿಗೆ ಬಳಸುತ್ತಿದ್ದ ಕಲ್ಮರಿಗೆಯೂ ಇದೇ ಬಗೆಯ ಕಲ್ಲು. ಇದರಲ್ಲಿರುವ ಟಾಲ್ಕ್ ಖನಿಜದ ಕಾಠಿಣ್ಯ ಮೋಸ್ ಮಾಪನದಲ್ಲಿ ಕೇವಲ 1. ಉಗುರಿಗೂ ಗೀರು ಬೀಳುತ್ತದೆ. ಆದ್ದರಿಂದಲೇ ಉಕ್ಕಿನ ಉಳಿ ಇಲ್ಲದವರಿಗೂ ಕಡೆಯಲು ಒದಗಿತು. ಬಿಸಿಗೆ ಸುಲಭವಾಗಿ ಬಿರಿಯುವುದಿಲ್ಲ. ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಮರಿಗೆಯ ಸಾರು ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಎನ್ನುವುದು ಇದರಿಂದಲೇ. ಕುಲ್ಲಿಕ್‌ನಲ್ಲಿ ಇದೇ ಗುಣ ಇನ್ನೊಂದು ಕೆಲಸ ಮಾಡುತ್ತದೆ: ಕಾದ ಕಲ್ಲು ಕೊಬ್ಬನ್ನು ಕರಗಿಸಿ ಎಣ್ಣೆ ಮಾಡುತ್ತದೆ, ಎಣ್ಣೆ ಬತ್ತಿಗೇರುತ್ತದೆ, ಉರಿ ಕಲ್ಲನ್ನು ಮತ್ತೆ ಕಾಯಿಸುತ್ತದೆ. ಕೊರೆಯುವ ಚಳಿಯಲ್ಲೂ ದೀಪ ತನ್ನ ಎಣ್ಣೆಯನ್ನು ತಾನೇ ಕಾಯಿಸಿಕೊಳ್ಳುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಎಂಜಿನಿಯರಿಂಗ್ ಬೇಕೆ?

1999ರ ಏಪ್ರಿಲ್ 1ರಂದು ಇನುಯಿಟ್ ಜನರ ನುನಾವುಟ್ ಪ್ರದೇಶ ರೂಪುಗೊಂಡಾಗ ಅದರ ಲಾಂಛನದಲ್ಲಿ ಕುಲ್ಲಿಕ್‌ಗೂ ಜಾಗ ಸಿಕ್ಕಿತು. ನಿಮ್ಮ ಮನೆಯ ಅಟ್ಟದಲ್ಲಿ ಮರಿಗೆ ಇದ್ದರೆ ಇಳಿಸಿ, ಚೆನ್ನಾಗಿ ಪಳಗಿಸಿ. ಅದರಲ್ಲೂ ಸ್ಟೀಲ್ ಪಾತ್ರೆಯಲ್ಲೂ ಒಂದೇ ಅಳತೆಯ ನೀರು ಕುದಿಸಿ ಇಳಿಸಿ, ಅರ್ಧ ಗಂಟೆಯ ಬಳಿಕ ಶಾಲೆಯ ಲ್ಯಾಬಿನ ಥರ್ಮಾಮೀಟರ್ ಅದ್ದಿ ನೋಡಿ. ಕಲ್ಲಿನ ಗುಣವನ್ನು ಪುಸ್ತಕಕ್ಕಿಂತ ಚೆನ್ನಾಗಿ ಅದೇ ಹೇಳುತ್ತದೆ.