ಹಳೆಯ ಡೀಸೆಲ್ ಕಾರಿನ ಇಂಧನಮಾರ್ಗ: ದೋಷನಿರ್ಣಯದ ಒಂದು ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಶಾಸನಗಳನ್ನೂ ದೇವಾಲಯಗಳನ್ನೂ ನೋಡಬಯಸುವವರು ಅಂಬಳಿ, ಬಾಗಳಿ, ಹಿರೇಹಡಗಲಿಗಳಂಥ ಊರುಗಳಿಗೆ ಹೋಗಲೇಬೇಕು. ಅಲ್ಲಿಗೆ ಬಾಡಿಗೆ ಕಾರೇ ಅನುಕೂಲ. ಅಂಥದೊಂದು ಪ್ರವಾಸದಲ್ಲಿ ನಮ್ಮನ್ನು ಕರೆದೊಯ್ದ ಹಳೆಯ ಡೀಸೆಲ್ ಅಂಬಾಸಿಡರ್ ಕಾರು ಬೆಳಿಗ್ಗೆ ಬಹಳ ಹೊತ್ತು ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡ ಮೇಲೆ ಕೂಡ್ಲಿಗಿ–ಕೊಟ್ಟೂರು ದಾರಿಯ ಏರಿನಲ್ಲಿ ನಿಂತುಹೋಯಿತು. ಮೊದಲು ನೋಡಿದ ಮೆಕ್ಯಾನಿಕರು ‘ಪಂಪ್ ಹೋಗಿದೆ’ ಎಂದರು. ಪಂಪನ್ನು ಬಿಚ್ಚಿ, ದುರಸ್ತಿ ಮಾಡಿಸಿ, ಮರಳಿ ಕೂಡಿಸಲಾಯಿತು. ಕಾರಿನ ಬಾಡಿಗೆಯಿಂದಲೇ ಸಂಸಾರ ಸಾಗಿಸುವ ಮಾಲೀಕರ ಅನೇಕ ದಿನಗಳ ಸಂಪಾದನೆ ಅದಕ್ಕೆ ವ್ಯಯವಾಯಿತು. ಮರುದಿನ ಬೆಳಿಗ್ಗೆ ಅದೇ ತೊಂದರೆ ಮರುಕಳಿಸಿತು. ಇಂಥ ದೋಷವನ್ನು ಕಂಡುಹಿಡಿಯುವ ಸರಿಯಾದ ಕ್ರಮ ಯಾವುದೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಯಂತ್ರದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನಿನ ಹಕ್ಕುಪತ್ರವನ್ನು ಪಡೆದದ್ದು ೧೮೯೩ರಲ್ಲಿ. ಆದರೆ ಇಂಧನವನ್ನು ಅಳತೆಗೆ ಸರಿಯಾಗಿ ಚಿಮ್ಮಿಸುವ ಸಣ್ಣ ಪಂಪು ದೊರೆಯುವವರೆಗೆ ಅದು ಸಣ್ಣ ವಾಹನಗಳಿಗೆ ಒಗ್ಗಲಿಲ್ಲ. ಬಾಷ್ ಸಂಸ್ಥೆಯು ಅಂಥ ಪಂಪನ್ನು ೧೯೨೭ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯಿಂದಾಗಿ ಬೆಂಗಳೂರಿನ ಆಡುಗೋಡಿಯಲ್ಲಿಯೇ ಈ ಪಂಪುಗಳು ತಯಾರಾದವು. ಡೀಸೆಲ್ ಅಂಬಾಸಿಡರ್ ೧೯೮೦ರ ಸುಮಾರಿಗೆ ಬಳಕೆಗೆ ಬಂದಿತು. ಅಂಬಾಸಿಡರ್ ತಯಾರಿಕೆಯೇ ೨೦೧೪ರಲ್ಲಿ ನಿಂತಿತು.

ಇಂಧನದ ಮಾರ್ಗವನ್ನು ಎರಡು ಭಾಗವಾಗಿ ಗ್ರಹಿಸಬೇಕು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇಂಧನವು ಹೀರಲ್ಪಡುತ್ತದೆ; ಅಲ್ಲಿಂದ ಮುಂದೆ ಫಿಲ್ಟರಿನ ಮೂಲಕ ಮುಖ್ಯ ಪಂಪಿಗೂ ನಾಝಲುಗಳಿಗೂ ನೂಕಲ್ಪಡುತ್ತದೆ. ನೂಕುವ ಭಾಗದಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ. ಹೀರುವ ಭಾಗದಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಕಡಿಮೆಯಾದುದರಿಂದ, ಎಂಜಿನ್ ನಡೆಯುವಾಗ ಬಿರುಕಿನಿಂದ ಏನೂ ತೊಟ್ಟಿಕ್ಕುವುದಿಲ್ಲ, ಗಾಳಿಯೇ ಒಳಹೊಗುತ್ತದೆ. ರಾತ್ರಿ ನಿಂತ ಕಾರಿನಲ್ಲಿ ಹಾಗೆ ಹೊಕ್ಕ ಗಾಳಿಯಿಂದ ಡೀಸೆಲ್ ಟ್ಯಾಂಕಿಗೆ ಹಿಂಜರಿಯುತ್ತದೆ. ಮೇಸ್ತ್ರಿಗಳು ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ.

ಆದುದರಿಂದ ಲಕ್ಷಣಗಳನ್ನು ಮೊದಲು ವಿಂಗಡಿಸಬೇಕು. ಏರ್ ತೆಗೆದೊಡನೆ ಕಾರು ಹೊತ್ತಿಕೊಂಡು, ಮರುದಿನ ಮತ್ತೆ ತಡೆದರೆ ಗಾಳಿಯ ಪ್ರವೇಶವನ್ನು ಶಂಕಿಸಬೇಕು. ಸಮನೆಲದಲ್ಲಿ ಓಡಿ ಏರಿನಲ್ಲಿ ಶಕ್ತಿ ಕುಂದಿದರೆ ಫಿಲ್ಟರ್ ಕಟ್ಟಿರಬಹುದು. ನಿಂತ ಕಾರು ಕೊಂಚ ಹೊತ್ತಿನ ಮೇಲೆ ತಾನಾಗಿ ಸರಿಹೋದರೆ ಟ್ಯಾಂಕಿನ ಗಾಳಿದಾರಿ ಮುಚ್ಚಿರಬಹುದು. ಮುಚ್ಚಳ ತೆರೆದಾಗ ಗಾಳಿ ಒಳಸೇರುವ ಸದ್ದು ಕೇಳಿಸುವುದೇ ಅದರ ಸಾಕ್ಷ್ಯ. ಎಂಜಿನನ್ನು ತಿರುಗಿಸುವಾಗ ಬಿಳಿಹೊಗೆ ಬಂದರೆ ಇಂಧನ ತಲುಪುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಇಂಧನವೇ ತಲುಪುತ್ತಿಲ್ಲವೆಂದು ಊಹಿಸಬಹುದು.

ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು. ಶುದ್ಧ ಡೀಸೆಲ್ ತುಂಬಿದ ಡಬ್ಬಿಯೊಂದನ್ನು ಎಂಜಿನಿಗಿಂತ ಎತ್ತರದಲ್ಲಿಟ್ಟು, ಅದರ ಕೊಳವೆಯನ್ನು ಫೀಡ್ ಪಂಪಿನ ಒಳದಾರಿಗೆ ಜೋಡಿಸಿ, ಏರ್ ತೆಗೆಯಬೇಕು. ಎಂಜಿನ್ ಸರಿಯಾಗಿ ನಡೆದರೆ ದೋಷವು ಅದಕ್ಕೂ ಹಿಂದಿನ ಭಾಗದಲ್ಲಿದೆ. ನಡೆಯದಿದ್ದರೆ ಕೊಳವೆಯನ್ನು ಫಿಲ್ಟರಿನ ಒಳದಾರಿಗೆ ಜೋಡಿಸಬೇಕು. ಆಗ ನಡೆದರೆ ದೋಷ ಫೀಡ್ ಪಂಪಿನದು. ಆಗಲೂ ನಡೆಯದೆ, ಫಿಲ್ಟರನ್ನು ಬದಲಿಸಿಯೂ, ಎಂಜಿನ್ ನಿಲ್ಲಿಸುವ ತಂತಿ ಸಿಕ್ಕಿಕೊಂಡಿಲ್ಲವೆಂದು ನೋಡಿಯೂ ಫಲ ದೊರೆಯದಿದ್ದರೆ ಮಾತ್ರ ಮುಖ್ಯ ಪಂಪಿನ ಮೇಲೂ ನಾಝಲುಗಳ ಮೇಲೂ ಕೈಯಿಡಬೇಕು. ನಾಝಲಿನಿಂದ ಚಿಮ್ಮುವ ಡೀಸೆಲ್ ವಾಯುಮಂಡಲದ ಒತ್ತಡದ ನೂರುಪಟ್ಟನ್ನು ಮೀರಿದ ರಭಸದಿಂದ ಚರ್ಮವನ್ನೇ ಭೇದಿಸಬಲ್ಲುದು. ಅದಕ್ಕೆ ಎಂದೂ ಕೈಯೊಡ್ಡಬಾರದು.

ನಮ್ಮ ಪ್ರಸಂಗದಲ್ಲಿ ಕೊಟ್ಟೂರಿನ ವೃದ್ಧ ಮೇಸ್ತ್ರಿಯೊಬ್ಬರು ಮಾಡಿದ್ದು ಈ ಡಬ್ಬಿಯ ಪರೀಕ್ಷೆಯನ್ನೇ. ಎಂಜಿನ್ ಒಡನೆಯೇ ಸರಾಗವಾಗಿ ನಡೆಯಿತು. ಟ್ಯಾಂಕಿನ ಬಳಿಯ ರಬ್ಬರ್ ಕೊಳವೆ ಒಣಗಿ, ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದುದು ಆಮೇಲೆ ಕಂಡುಬಂದಿತು. ಗೇಣುದ್ದದ ಹೊಸ ಕೊಳವೆಯಿಂದ ತೊಂದರೆ ನೀಗಿತು. ಪಂಪು ನಿರಪರಾಧಿಯಾಗಿತ್ತು, ದಂಡ ತೆತ್ತವರು ಮಾಲೀಕರು.

ಇತಿಹಾಸದ ವಿದ್ಯಾರ್ಥಿಗೆ ಈ ಕ್ರಮ ಅಪರಿಚಿತವಲ್ಲ. ಪಾಠದಲ್ಲಿ ತಪ್ಪು ಕಂಡಾಗ ಕೊನೆಯ ಲಿಪಿಕಾರನನ್ನೇ ದೂರದೆ, ಮೂಲಪ್ರತಿಯಿಂದ ಹಂತಹಂತವಾಗಿ ಪರಿಶೀಲಿಸುತ್ತ ಬರುವುದು ನಮ್ಮ ಶಾಸ್ತ್ರದ ನಿಯಮ. ಬೆಲೆಯುಳ್ಳ ಭಾಗವೇ ಕೆಟ್ಟಿದೆಯೆಂದು ಮೊದಲೇ ತೀರ್ಮಾನಿಸದಿರುವುದು ಯಂತ್ರದ ವಿಷಯದಲ್ಲಿಯೂ ಸಲ್ಲುತ್ತದೆ. ಇಂಥ ಕಾರುಗಳು ವಿರಳವಾಗುತ್ತಿರುವ ಈ ಕಾಲದಲ್ಲಿ ಅವುಗಳನ್ನು ಬಲ್ಲ ಮೇಸ್ತ್ರಿಗಳ ತಿಳಿವಳಿಕೆಯನ್ನು ಬರೆದಿಡುವುದೂ ಇತಿಹಾಸಕಾರರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.