ಮರುಭೂಮಿ ದಾಟಿ ಬಂದ ಹಿರಿಯರ ಸ್ಮರಣೆ



ನವೆಂಬರ್ ತಿಂಗಳಲ್ಲಿ ನಾವು ಅಗಲಿದ ಹಿರಿಯರ ಹೆಸರುಗಳನ್ನು ಬಲಿಪೂಜೆಯಲ್ಲಿ ಸ್ಮರಿಸುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಮನೆತನಗಳಿಗೆ ಹೀಗೆ ಸ್ಮರಿಸಲು ಒಂದು ಇಡೀ ಪಯಣವೇ ಇದೆ.

1775ರ ಅಕ್ಟೋಬರ್ 23ರಂದು ಹುವಾನ್ ಬೌತಿಸ್ತಾ ದೆ ಆನ್ಸಾ ಎಂಬ ಸ್ಪೇನ್ ಸೇನಾಧಿಕಾರಿ, ಇಂದಿನ ಅರಿಝೋನಾದಲ್ಲಿರುವ ತುಬಾಕ್‌ನಿಂದ ಸುಮಾರು 240 ಜನರೊಂದಿಗೆ ಹೊರಟರು. ಸೈನಿಕರು, ಅವರ ಮಡದಿಯರು; ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಊರು ಕಟ್ಟಬೇಕೆಂದು ಹೊರಟ ಇವರಲ್ಲಿ ಬಹುತೇಕರು ಬಡವರೇ. ಮೊದಲ ರಾತ್ರಿಯೇ ಮಾನುವೆಲಾ ಪಿನ್ಯುವೆಲಾಸ್ ಎಂಬ ತಾಯಿ ಗಂಡುಮಗುವನ್ನು ಹೆತ್ತು ತೀರಿಕೊಂಡರು. ದಾರಿಯುದ್ದಕ್ಕೂ ಸತ್ತವರು ಅವರೊಬ್ಬರೇ.

ಕೊಲೊರಾಡೊ ನದಿಯ ದಡದಲ್ಲಿ ಕ್ವೆಚಾನ್ ಜನರೂ ಅವರ ನಾಯಕ ಪಾಲ್ಮಾ ಅವರೂ ಈ ಅಪರಿಚಿತರಿಗೆ ರಾಶಿ ರಾಶಿ ಕಲ್ಲಂಗಡಿ, ಜೋಳ, ಕಾಳು ಕೊಟ್ಟು ಸತ್ಕರಿಸಿದರು. ನದಿ ದಾಟಲೂ ನೆರವಾದರು. ಆಚೆಗಿದ್ದದ್ದು ಮರಳುಗಾಡು. ಬಾವಿಗಳಲ್ಲಿ ನೀರು ನಿಧಾನವಾಗಿ ಊರುತ್ತಿತ್ತು. ಎಲ್ಲರೂ ಒಟ್ಟಿಗೆ ಹೋದರೆ ಯಾರಿಗೂ ಸಾಲದು. ಆದ್ದರಿಂದ ಆನ್ಸಾ ಜನರನ್ನು ಮೂರು ತಂಡ ಮಾಡಿ, ಒಂದೊಂದು ದಿನದ ಅಂತರದಲ್ಲಿ ಕಳಿಸಿದರು. ಬಿರುಗಾಳಿ, ಹಿಮ ಸುರಿದು ದನಕರುಗಳು ಸತ್ತವು, ಮನುಷ್ಯರು ಉಳಿದರು.

ಡಿಸೆಂಬರ್ 24ರ ರಾತ್ರಿ ಕಣಿವೆಯ ಬೀಡಿನಲ್ಲಿ ಒಂದು ಮಗು ಹುಟ್ಟಿತು. ಮರುದಿನ ಫ್ರಾನ್ಸಿಸ್ಕನ್ ಗುರು ಪೆದ್ರೊ ಫೋಂತ್ ಅದಕ್ಕೆ ಸಾಲ್ವದೋರ್, ಅಂದರೆ ರಕ್ಷಕ, ಎಂದು ಸ್ನಾನದೀಕ್ಷೆ ಕೊಟ್ಟರು. ಹಿಂದಿನ ಸಂಜೆ ಆನ್ಸಾ ಜನರಿಗೆ ಮದ್ಯ ಹಂಚಿದ್ದಕ್ಕೆ ಈ ಗುರುಗಳು ಸಿಟ್ಟಾದರೆಂದು ಅವರ ದಿನಚರಿಯಲ್ಲೇ ಇದೆ. ಸಂತರ ಮೆರವಣಿಗೆಯೇನೂ ಅಲ್ಲ, ನಮ್ಮಂಥ ಮನೆಗಳೇ ಹೊರಟಿದ್ದವು!

ಇವರ ವಂಶಸ್ಥರು ಇಂದಿಗೂ ಕೂಡಿ ಈ ಹಿರಿಯರನ್ನು ಸ್ಮರಿಸುತ್ತಾರೆ. 200ನೆಯ ವರ್ಷವಾದ 1975-76ರಲ್ಲಿ ಜನ ಕುದುರೆಯೇರಿ ಅದೇ ಹಾದಿಯಲ್ಲಿ ಸಾಗಿದರು. 1990ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹಾದಿಯಾಯಿತು.

ಆದರೆ ಬದುಕಿ ಬಂದವರನ್ನಷ್ಟೇ ನೆನೆದರೆ ಕಥೆ ಅರ್ಧವೇ. ನಂತರ ಬಂದ ವಲಸಿಗರು ಕ್ವೆಚಾನ್ ಜನರ ಹೊಲ ಕಿತ್ತುಕೊಂಡರು, ದನಗಳಿಂದ ಪೈರು ತುಳಿಸಿದರು. 1781ರ ಜುಲೈಯಲ್ಲಿ ಅವರು ದಂಗೆಯೆದ್ದರು. ಅವರನ್ನು ಪ್ರೀತಿಸಿದ್ದ ಗುರು ಫ್ರಾನ್ಸಿಸ್ಕೊ ಗಾರ್ಸೆಸ್ ಕೂಡ ಕೊಲೆಯಾದರು. ಆ ಹಾದಿ ಮುಚ್ಚಿಹೋಯಿತು.

ಕಲ್ಲಂಗಡಿ ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಈಗಲೂ ಅದೇ ನದಿಯ ದಡದಲ್ಲಿದ್ದಾರೆ. ಅಲ್ಲಿಯ ಗುಡ್ಡದ ಮೇಲೆ ಸಂತ ತೋಮಸರ ದೇವಾಲಯವಿದೆ; ಅದರ ಮುಂದೆ ಗಾರ್ಸೆಸ್ ಗುರುಗಳ ಪ್ರತಿಮೆ.